ನೋವಿನ ಮಾತ್ರೆಯೂ ಕರುಳಿನ ಅರ್ಬುದವೂ

ತಲೆನೋವು, ಕೀಲುನೋವು, ಜ್ವರ ಮೊದಲಾದ ಬಾಧೆಗಳಿಗೆ ಜನಸಾಮಾನ್ಯರು ಬಳಸುವ ಕೆಲವು ಮಾತ್ರೆಗಳು ದೊಡ್ಡ ಕರುಳಿನಲ್ಲಿ ಹುಟ್ಟುವ ಅರ್ಬುದವನ್ನು, ಅರ್ಥಾತ್ ಕ್ಯಾನ್ಸರನ್ನು, ತಕ್ಕಮಟ್ಟಿಗೆ ತಡೆಯಬಲ್ಲವು ಎಂಬುದು ಕಳೆದ ನಾಲ್ಕು ದಶಕಗಳ ವೈದ್ಯಸಂಶೋಧನೆಯ ಗಮನಾರ್ಹ ಫಲಗಳಲ್ಲೊಂದು. ವೃತ್ತಪತ್ರಿಕೆಗಳಲ್ಲಿ ಈ ಸುದ್ದಿಯು ಆಗಾಗ ಪ್ರಕಟವಾಗುತ್ತಿರುತ್ತದೆ. ಅದನ್ನು ಓದಿದವರಲ್ಲಿ ಕೆಲವರು ‘ಹಾಗಾದರೆ ದಿನಕ್ಕೊಂದು ಮಾತ್ರೆ ನುಂಗಿದರಾಯಿತು’ ಎಂದು ನಿಶ್ಚಯಿಸಿಬಿಡುತ್ತಾರೆ. ಮತ್ತೆ ಕೆಲವರು ‘ಡಾಕ್ಟರುಗಳು ಇಂದು ಒಂದು ಹೇಳುತ್ತಾರೆ, ನಾಳೆ ಮತ್ತೊಂದು’ ಎಂದು ತಳ್ಳಿಹಾಕುತ್ತಾರೆ. ಈ ಎರಡು ನಿಲುವುಗಳೂ ಸಾಧುವಲ್ಲ. ಸುದ್ದಿಯು ನಿಜ, ಆದರೆ ಅದು ಯಾರ ಪಾಲಿಗೆ ನಿಜ, ಎಷ್ಟರಮಟ್ಟಿಗೆ ನಿಜ, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ಅರಿಯದವನಿಗೆ ಅದರಿಂದ ಹಿತಕ್ಕಿಂತ ಅಹಿತವೇ ಆದೀತು.

ಈ ವಿಚಾರವನ್ನು ಮಹಾನಗರದ ಕಣ್ಣಿನಿಂದ ನೋಡುವುದಕ್ಕಿಂತ ಗಡಿನಾಡಿನ ಒಂದು ಹಳ್ಳಿಯ ಕಣ್ಣಿನಿಂದ ನೋಡಿದರೆ ಅದರ ತಿರುಳು ಹೆಚ್ಚು ಸ್ಪಷ್ಟವಾಗುತ್ತದೆ. ಹನೂರು ತಾಲ್ಲೂಕಿನ ಗೋಪಿನಾಥಂ ಅಂತಹ ಒಂದು ಊರು. ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರಿನ ಕಡೆಗೆ ಇಳಿದು, ಅಲ್ಲಿಂದ ಕಾಡಿನ ದಾರಿಯಲ್ಲಿ ಹೊಗೆನಕಲ್ ದಿಕ್ಕಿಗೆ ಸಾಗಿದರೆ ಈ ಊರು ಸಿಗುತ್ತದೆ. ಕಾವೇರಿ ವನ್ಯಜೀವಿಧಾಮದ ಅರಣ್ಯವು ಅದನ್ನು ಬಳಸಿ ನಿಂತಿದೆ. ಕನ್ನಡ, ತಮಿಳು ಎರಡೂ ಅಲ್ಲಿ ಕಿವಿಗೆ ಬೀಳುವ ನುಡಿಗಳು. ಇಂತಹ ಊರುಗಳಲ್ಲಿ ವೈದ್ಯನಿಗಿಂತ ಮೊದಲು ಕೈಗೆ ಸಿಗುವುದು ಮಾತ್ರೆ. ಮೈಕೈ ನೋವೆಂದರೆ ಅಂಗಡಿಯಿಂದ ಎರಡು ಮಾತ್ರೆ ತರಿಸಿ ನುಂಗಿ, ಮರುದಿನ ಮತ್ತೆ ಹೊಲಕ್ಕೆ ಹೋಗುವುದು ನಾಡಿನ ಎಲ್ಲ ಹಳ್ಳಿಗಳಲ್ಲೂ ರೂಢಿಯಾಗಿದೆ. ಆದ್ದರಿಂದ ಈ ಮಾತ್ರೆಗಳ ಗುಣದೋಷಗಳು ನಗರದವರಿಗಿಂತ ಇಂತಹ ಊರಿನವರಿಗೆ ಹೆಚ್ಚು ಸಂಬಂಧಿಸಿದವು.

ಮೊದಲು ಪದದ ವಿಚಾರ. ‘ಉರಿಯೂತ’ ಎಂಬ ಕನ್ನಡ ಶಬ್ದವು ತನ್ನ ಅರ್ಥವನ್ನು ತಾನೇ ಬಿಡಿಸಿ ಹೇಳುತ್ತದೆ: ಉರಿ ಮತ್ತು ಊತ. ಎರಡು ಸಾವಿರ ವರ್ಷಗಳ ಹಿಂದೆ ರೋಮ್ ದೇಶದ ಸೆಲ್ಸಸ್ ಎಂಬ ಗ್ರಂಥಕಾರನು ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಇದಕ್ಕೆ ಹೇಳಿದ್ದಾನೆ. ಆಯುರ್ವೇದದ ‘ಶೋಥ’ವು ಇದಕ್ಕೆ ಸಮೀಪವಾದ ಪದ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗವು ಕೆಂಪಾಗಿ ಊದಿಕೊಳ್ಳುವುದು ದೇಹವು ತನ್ನನ್ನು ರಕ್ಷಿಸಿಕೊಳ್ಳುವ ವಿಧಾನ. ಆದರೆ ಅದೇ ಉರಿಯೂತವು ಶಮನವಾಗದೆ ವರ್ಷಗಟ್ಟಲೆ ಒಳಗೊಳಗೇ ಹೊಗೆಯಾಡುತ್ತಿದ್ದರೆ, ಕಾಯಬೇಕಾದುದೇ ಕೆಡಿಸತೊಡಗುತ್ತದೆ. ಇದನ್ನು ತಗ್ಗಿಸುವ ಔಷಧಗಳೇ ಉರಿಯೂತನಿವಾರಕಗಳು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ನಾಪ್ರೊಕ್ಸೆನ್ ಇವು ಈ ವರ್ಗಕ್ಕೆ ಸೇರಿದವು. ಡಿಸ್ಪ್ರಿನ್, ಬ್ರೂಫೆನ್, ವೋವೆರಾನ್ ಎಂಬ ಹೆಸರುಗಳಲ್ಲಿ ಇವು ಜನರಿಗೆ ಪರಿಚಿತ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರ ಈ ಗುಂಪಿನದಲ್ಲ ಎಂಬುದನ್ನು ನೆನಪಿಡಬೇಕು. ಅದು ನೋವನ್ನೂ ಜ್ವರವನ್ನೂ ಇಳಿಸುತ್ತದೆಯೇ ಹೊರತು ಉರಿಯೂತವನ್ನು ಗಣನೀಯವಾಗಿ ತಗ್ಗಿಸುವುದಿಲ್ಲ. ಮುಂದೆ ಹೇಳುವ ಯಾವ ಮಾತೂ ಅದಕ್ಕೆ ಅನ್ವಯಿಸುವುದಿಲ್ಲ.

ಇವುಗಳಲ್ಲಿ ಹಿರಿಯದು ಆಸ್ಪಿರಿನ್. ಇದರ ಮೂಲ ಒಂದು ಮರದ ತೊಗಟೆ. 1763ರಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ಎಂಬಾತನು ವಿಲೋ ಮರದ ತೊಗಟೆಯ ಪುಡಿಯಿಂದ ಚಳಿಜ್ವರ ಇಳಿಯುವುದನ್ನು ಸುಮಾರು ಐವತ್ತು ರೋಗಿಗಳಲ್ಲಿ ಕಂಡು, ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಈ ಮರದ ಕುಲಕ್ಕೆ ಸೇರಿದ ಒಂದು ಜಾತಿ ಪಶ್ಚಿಮ ಘಟ್ಟಗಳ ತೊರೆಗಳ ಅಂಚಿನಲ್ಲಿಯೂ ಬೆಳೆಯುತ್ತದೆ. 1897ರಲ್ಲಿ ಜರ್ಮನಿಯ ಬಾಯರ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ಶುದ್ಧ ರೂಪದ ಆಸ್ಪಿರಿನ್ ತಯಾರಾಯಿತು. 1899ರಲ್ಲಿ ಅದಕ್ಕೆ ಈ ಹೆಸರು ಬಂದಿತು. ಅದು ನೋವನ್ನು ಹೇಗೆ ಇಳಿಸುತ್ತದೆ ಎಂಬುದು ಮಾತ್ರ ಮುಂದೆ ಎಪ್ಪತ್ತಕ್ಕೂ ಹೆಚ್ಚು ವರ್ಷ ರಹಸ್ಯವಾಗಿಯೇ ಉಳಿದಿತ್ತು. 1971ರಲ್ಲಿ ಜಾನ್ ವೇನ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಆ ಗಂಟನ್ನು ಬಿಚ್ಚಿದನು. ಈ ಕ್ಷೇತ್ರದ ಸಂಶೋಧನೆಗಾಗಿ 1982ರಲ್ಲಿ ಅವನಿಗೂ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಸಾಮುಯೆಲ್ಸನ್ ಎಂಬ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ವೇನ್ ಕಂಡುದನ್ನು ನೀರಾವರಿಯ ದೃಷ್ಟಾಂತದಿಂದ ತಿಳಿಯಬಹುದು. ದೇಹದ ಜೀವಕೋಶಗಳಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುತ್ತವೆ. ಇವನ್ನು ನೀರೆಂದು ಭಾವಿಸಿದರೆ, ಇವು ಹರಿಯಲು ತೆರೆದ ತೂಬು ಸೈಕ್ಲೊ-ಆಕ್ಸಿಜನೇಸ್ ಎಂಬ ಕಿಣ್ವ. ಇಂತಹ ತೂಬುಗಳು ಎರಡು ಎಂಬುದು 1990ರ ದಶಕದ ಆರಂಭದಲ್ಲಿ ಖಚಿತವಾಯಿತು. ಮೊದಲನೆಯದು ಯಾವಾಗಲೂ ತೆರೆದಿದ್ದು, ಹೊಟ್ಟೆಯ ಒಳಪೊರೆಯನ್ನು ಅಲ್ಲಿನ ಆಮ್ಲದಿಂದ ಕಾಪಾಡುವುದು, ರಕ್ತ ಹೆಪ್ಪುಗಟ್ಟಲು ನೆರವಾಗುವುದು ಮೊದಲಾದ ನಿತ್ಯಕಾರ್ಯಗಳನ್ನು ನಡೆಸುತ್ತದೆ. ಎರಡನೆಯದು ಬಹುಮಟ್ಟಿಗೆ ಉರಿಯೂತ ಉಂಟಾದಾಗ ತೆರೆದುಕೊಳ್ಳುತ್ತದೆ. ಆಸ್ಪಿರಿನ್ ಮೊದಲಾದವು ಎರಡನ್ನೂ ಮುಚ್ಚುತ್ತವೆ. ಎರಡನೆಯದು ಮುಚ್ಚಿದ್ದರಿಂದ ನೋವು ಇಳಿಯುತ್ತದೆ. ಮೊದಲನೆಯದೂ ಮುಚ್ಚಿದ್ದರಿಂದ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವಗಳು ಆಗಬಹುದು. ಈ ಔಷಧಗಳ ಗುಣವೂ ದೋಷವೂ ಹೀಗೆ ಒಂದೇ ಬೇರಿನಿಂದ ಹುಟ್ಟಿದವು.

ಇನ್ನು ಕರುಳಿನ ಅರ್ಬುದದ ಮಾತು. ದೊಡ್ಡ ಕರುಳಿನ ಒಳಪೊರೆಯ ಜೀವಕೋಶಗಳು ಕೆಲವೇ ದಿನಗಳಲ್ಲಿ ಸವೆದು ಉದುರಿ, ಅವುಗಳ ಸ್ಥಾನದಲ್ಲಿ ಹೊಸವು ಹುಟ್ಟುತ್ತಿರುತ್ತವೆ. ಹೀಗೆ ಹುಟ್ಟುವ ಕ್ರಮ ತಪ್ಪಿದಲ್ಲಿ ಒಳಗೋಡೆಯ ಮೇಲೆ ನರುಲಿಯಂತಹ ಒಂದು ಸಣ್ಣ ಬೆಳವಣಿಗೆ ತಲೆದೋರುತ್ತದೆ. ವೈದ್ಯರು ಇದನ್ನು ಪಾಲಿಪ್ ಎನ್ನುತ್ತಾರೆ. ಬಹುಪಾಲು ಪಾಲಿಪ್‌ಗಳು ಜೀವಮಾನವಿಡೀ ನಿರುಪದ್ರವಿಗಳಾಗಿಯೇ ಉಳಿಯುತ್ತವೆ. ಕೆಲವು ಮಾತ್ರ, ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲದಲ್ಲಿ, ಅರ್ಬುದವಾಗಿ ಪರಿಣಮಿಸುತ್ತವೆ. ಇಷ್ಟು ನಿಧಾನವಾಗಿ ಬರುವ ಶತ್ರುವನ್ನು ದಾರಿಯಲ್ಲಿಯೇ ತಡೆಯಲು ಅವಕಾಶವಿದೆ ಎಂಬುದೇ ಇಲ್ಲಿನ ಭರವಸೆ. ಕರುಳಿನ ಅರ್ಬುದದ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ಮೇಲೆ ಹೇಳಿದ ಎರಡನೆಯ ತೂಬು ಅತಿಯಾಗಿ ತೆರೆದಿರುವುದು 1994ರಲ್ಲಿ ಕಂಡುಬಂದಿತು. ಅಲ್ಲಿಂದ ಹರಿಯುವ ಪ್ರೊಸ್ಟಗ್ಲಾಂಡಿನ್ನು ಕೆಟ್ಟ ಕೋಶಗಳು ಸಾಯದಂತೆ ಕಾಯುತ್ತದೆ, ಅವು ಹೆಚ್ಚುವಂತೆ ಮಾಡುತ್ತದೆ, ಅವುಗಳಿಗೆ ಹೊಸ ರಕ್ತನಾಳಗಳನ್ನು ಒದಗಿಸುತ್ತದೆ. ತೂಬು ಮುಚ್ಚಿದರೆ ಕಳೆಗೆ ನೀರು ನಿಲ್ಲುತ್ತದೆ.

ಈ ಶೋಧದ ಆರಂಭ ಒಬ್ಬ ಶಸ್ತ್ರವೈದ್ಯನ ಅನುಭವದಿಂದಾಯಿತು. ಕರುಳಿನಲ್ಲಿ ನೂರಾರು ಪಾಲಿಪ್‌ಗಳು ಹುಟ್ಟುವ ವಂಶಪಾರಂಪರ್ಯ ರೋಗವೊಂದುಂಟು. ಅಮೆರಿಕದ ವಿಲಿಯಂ ವಾಡೆಲ್ ಅಂತಹ ರೋಗಿಗಳಿಗೆ ಸುಲಿಂಡಾಕ್ ಎಂಬ ಉರಿಯೂತನಿವಾರಕವನ್ನು ಕೊಟ್ಟಾಗ ಪಾಲಿಪ್‌ಗಳು ಕರಗಿದುದನ್ನು 1983ರಲ್ಲಿ ವರದಿ ಮಾಡಿದನು. 1993ರಲ್ಲಿ ಅದೇ ರೋಗದ 22 ಮಂದಿಯ ಮೇಲೆ ನಡೆದ ಕ್ರಮಬದ್ಧ ಪರೀಕ್ಷೆಯಲ್ಲಿ, ಒಂಬತ್ತು ತಿಂಗಳಲ್ಲಿ ಪಾಲಿಪ್‌ಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಔಷಧ ನಿಲ್ಲಿಸಿದ ಮೇಲೆ ಅವು ಮತ್ತೆ ಹೆಚ್ಚಿದವು.

ಇದು ಅಪರೂಪದ ರೋಗಿಗಳ ಮಾತು. ಸಾಮಾನ್ಯರ ವಿಚಾರದಲ್ಲಿ ಮೊದಲ ಸುಳಿವು 1988ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಿಂದ ಬಂದಿತು. ಅಲ್ಲಿ ಗೇಬ್ರಿಯಲ್ ಕ್ಯೂನ್ ಮತ್ತು ಸಂಗಡಿಗರು ಕರುಳಿನ ಅರ್ಬುದವುಳ್ಳ 715 ಮಂದಿಯನ್ನೂ ಆರೋಗ್ಯವಂತರಾದ 727 ಮಂದಿಯನ್ನೂ ಹೋಲಿಸಿ, ಆಸ್ಪಿರಿನ್ ಬಳಸುತ್ತಿದ್ದವರಲ್ಲಿ ರೋಗ ಕಡಿಮೆಯೆಂದು ಕಂಡರು. 1991ರಲ್ಲಿ ಅಮೆರಿಕದ 6,62,424 ಮಂದಿಯ ಅಧ್ಯಯನವು, ತಿಂಗಳಲ್ಲಿ ಹದಿನಾರು ಬಾರಿ ಅಥವಾ ಹೆಚ್ಚು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಈ ರೋಗದ ಸಾವು ಸುಮಾರು ನೂರಕ್ಕೆ 40ರಷ್ಟು ಕಡಿಮೆಯೆಂದು ತೋರಿಸಿತು. 2010ರಲ್ಲಿ ಆಕ್ಸ್‌ಫರ್ಡಿನ ಪೀಟರ್ ರಾತ್‌ವೆಲ್ ಮತ್ತು ಸಂಗಡಿಗರು, ಹಿಂದೆ ಹೃದಯ ಮತ್ತು ಪಾರ್ಶ್ವವಾಯುಗಳ ಸಲುವಾಗಿ ಆಸ್ಪಿರಿನ್ ಪರೀಕ್ಷೆಗೆ ಒಳಗಾಗಿದ್ದ ಸುಮಾರು 14,000 ಮಂದಿಯ ಇಪ್ಪತ್ತು ವರ್ಷಗಳ ವೃತ್ತಾಂತವನ್ನು ಕಲೆಹಾಕಿದರು. ಆಸ್ಪಿರಿನ್ ಪಡೆದವರಲ್ಲಿ ದೊಡ್ಡ ಕರುಳಿನ ಅರ್ಬುದವು ನೂರಕ್ಕೆ 24ರಷ್ಟೂ, ಅದರಿಂದಾದ ಮರಣವು 35ರಷ್ಟೂ ಕಡಿಮೆಯಿದ್ದವು. ಫಲವು ಕಾಣಿಸಿಕೊಳ್ಳಲು ಹಲವು ವರ್ಷಗಳೇ ಬೇಕಾದವು.

ಎಲ್ಲಕ್ಕಿಂತ ಗಟ್ಟಿಯಾದ ಪ್ರಮಾಣ ದೊರೆತುದು ವಂಶಾನುಗತವಾಗಿ ಈ ರೋಗದ ಭಯವುಳ್ಳ ಕುಟುಂಬಗಳಲ್ಲಿ. ಇದರ ಹಿಂದೆ ಒಂದು ಹಳೆಯ ಕಥೆಯಿದೆ. 1895ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಆಲ್ಡ್ರೆಡ್ ವಾರ್ತಿನ್ ಎಂಬ ರೋಗಶಾಸ್ತ್ರಜ್ಞನಿಗೆ ಅವನ ಮನೆಯ ಬಟ್ಟೆ ಹೊಲಿಯುವ ಹೆಂಗಸು, ತನ್ನ ಬಂಧುಗಳಲ್ಲಿ ಬಹುಮಂದಿ ಕರುಳಿನ ಅಥವಾ ಗರ್ಭಕೋಶದ ಅರ್ಬುದದಿಂದ ಸತ್ತರೆಂದೂ ತಾನೂ ಹಾಗೆಯೇ ಸಾಯುವೆನೆಂದೂ ಹೇಳಿದಳು. ಆಕೆ ಹೇಳಿದಂತೆಯೇ ಗರ್ಭಕೋಶದ ಅರ್ಬುದದಿಂದ ಚಿಕ್ಕವಯಸ್ಸಿನಲ್ಲಿ ತೀರಿಕೊಂಡಳು. ವಾರ್ತಿನ್ ಆ ಮನೆತನದ ವಂಶಾವಳಿಯನ್ನು ಬರೆದಿಟ್ಟನು. ಮುಂದೆ ಹೆನ್ರಿ ಲಿಂಚ್ ಇಂತಹ ಕುಟುಂಬಗಳನ್ನು ಆಳವಾಗಿ ಅಭ್ಯಸಿಸಿದ ಕಾರಣ ಇದಕ್ಕೆ ಲಿಂಚ್ ಸಿಂಡ್ರೋಮ್ ಎಂಬ ಹೆಸರಾಯಿತು. ಈ ದೋಷವುಳ್ಳ ತಂದೆ ಅಥವಾ ತಾಯಿಯ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಇಂಗ್ಲೆಂಡಿನ ಜಾನ್ ಬರ್ನ್ ನೇತೃತ್ವದಲ್ಲಿ ಇಂತಹ 861 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ನನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆಯನ್ನೂ ಸುಮಾರು ಎರಡು ವರ್ಷ ಅಥವಾ ಹೆಚ್ಚು ಕಾಲ ಕೊಡಲಾಯಿತು. 2020ರಲ್ಲಿ ಪ್ರಕಟವಾದ ದೀರ್ಘಕಾಲದ ಫಲಿತಾಂಶದಂತೆ, ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 13 ಮಂದಿಗೂ ಆಸ್ಪಿರಿನ್ ಪಡೆದವರಲ್ಲಿ ನೂರಕ್ಕೆ 9 ಮಂದಿಗೂ ಕರುಳಿನ ಅರ್ಬುದವಾಯಿತು. ಅದೇ ವರ್ಷ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಕ ಸಂಸ್ಥೆಯು ಇಂತಹವರಿಗೆ ಆಸ್ಪಿರಿನ್ ಸಲಹೆ ಮಾಡಿತು.

ಇತ್ತೀಚೆಗೆ, 2025ರಲ್ಲಿ, ಸ್ವೀಡನ್ ಮೊದಲಾದ ಉತ್ತರ ಯುರೋಪಿನ ದೇಶಗಳಿಂದ ಮತ್ತೊಂದು ಫಲಿತಾಂಶ ಬಂದಿದೆ. ಕರುಳಿನ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾದವರ ಪೈಕಿ, ಗಡ್ಡೆಯಲ್ಲಿ ಒಂದು ನಿರ್ದಿಷ್ಟ ಜೀನ್ ಬದಲಾವಣೆಯುಳ್ಳವರು ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಪಡೆದಾಗ, ಮೂರು ವರ್ಷಗಳಲ್ಲಿ ರೋಗ ಮರುಕಳಿಸುವುದು ನೂರಕ್ಕೆ 14ರಿಂದ 8ರ ಸಮೀಪಕ್ಕೆ ಇಳಿಯಿತು. ಎಲ್ಲರಿಗೂ ಒಂದೇ ಔಷಧವೆಂಬುದಕ್ಕಿಂತ ತಕ್ಕವರನ್ನು ಆರಿಸಿ ಕೊಡುವುದೇ ದಾರಿ ಎಂಬುದಕ್ಕೆ ಇದು ಸಾಕ್ಷಿ.

ಈಗ ನಾಣ್ಯದ ಇನ್ನೊಂದು ಮುಖ. ಹೊಟ್ಟೆಯನ್ನು ಕಾಯುವ ಮೊದಲನೆಯ ತೂಬನ್ನು ಮುಟ್ಟದೆ ಎರಡನೆಯದನ್ನು ಮಾತ್ರ ಮುಚ್ಚುವ ಔಷಧಗಳನ್ನು ವಿಜ್ಞಾನಿಗಳು ಸೃಷ್ಟಿಸಿದರು. ಅವುಗಳಲ್ಲೊಂದು ರೋಫೆಕಾಕ್ಸಿಬ್. ಅದು ಪಾಲಿಪ್‌ಗಳನ್ನು ತಡೆಯುವುದೇ ಎಂದು ನೋಡಲು ನಡೆಸಿದ ಪರೀಕ್ಷೆಯಲ್ಲಿಯೇ ಹೃದಯಾಘಾತ, ಪಾರ್ಶ್ವವಾಯುಗಳು ಸುಮಾರು ಇಮ್ಮಡಿಯಾದುದು ಕಂಡುಬಂದು, 2004ರ ಸೆಪ್ಟೆಂಬರಿನಲ್ಲಿ ತಯಾರಕರೇ ಅದನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಅದೇ ವರ್ಷ ಭಾರತದಲ್ಲಿಯೂ ಅದು ನಿಷೇಧವಾಯಿತು.

ಆಸ್ಪಿರಿನ್ನಿನ ವಿಷಯದಲ್ಲಿಯೂ ಎಚ್ಚರಿಕೆಯ ಗಂಟೆ ಬಾರಿಸಿತು. ಬಹುಮಟ್ಟಿಗೆ 70 ವರ್ಷ ದಾಟಿದ, ಆರೋಗ್ಯವಂತರಾದ 19,114 ಮಂದಿಯ ಮೇಲೆ ಆಸ್ಟ್ರೇಲಿಯ ಮತ್ತು ಅಮೆರಿಕಗಳಲ್ಲಿ ನಡೆದ ಪರೀಕ್ಷೆಯ ಫಲ 2018ರಲ್ಲಿ ಹೊರಬಂದಿತು. ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಅವರ ಆರೋಗ್ಯಕರ ಆಯುಷ್ಯವನ್ನು ಹೆಚ್ಚಿಸಲಿಲ್ಲ. ಗಂಭೀರ ರಕ್ತಸ್ರಾವವು ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 2.8, ಆಸ್ಪಿರಿನ್ ಪಡೆದವರಲ್ಲಿ 3.8. ಅರ್ಬುದದ ಸಾವುಗಳೂ ಆಸ್ಪಿರಿನ್ ಪಡೆದವರಲ್ಲಿಯೇ ತುಸು ಹೆಚ್ಚಿದ್ದವು. ಐವತ್ತು ದಾಟಿದ, ಹೃದ್ರೋಗದ ಸಂಭವವುಳ್ಳ ಕೆಲವರು ಕರುಳಿನ ಅರ್ಬುದದ ತಡೆಗಾಗಿಯೂ ಆಸ್ಪಿರಿನ್ ತೆಗೆದುಕೊಳ್ಳಬಹುದೆಂದು 2016ರಲ್ಲಿ ಹೇಳಿದ್ದ ಅಮೆರಿಕದ ತಜ್ಞಮಂಡಲಿಯು 2022ರಲ್ಲಿ ಆ ಮಾತನ್ನು ಕೈಬಿಟ್ಟಿತು. ಇದನ್ನು ಚಂಚಲತೆ ಎನ್ನಲಾಗದು. ತೂಕದ ತಟ್ಟೆಯ ಎರಡೂ ಕಡೆ ಹೊಸ ಪ್ರಮಾಣಗಳು ಬಿದ್ದಂತೆ ಮುಳ್ಳು ಚಲಿಸುವುದು ಸಹಜ.

ಈ ತೂಕದ ಲೆಕ್ಕವನ್ನು ಶಾಲಾಬಾಲಕನೂ ಮಾಡಬಹುದು. ಒಂದು ಸಾವಿರ ಮಂದಿಯಲ್ಲಿ ಹತ್ತು ಮಂದಿಗೆ ಮುಂದೆ ಈ ರೋಗ ಬರಲಿದೆಯೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ನೂರಕ್ಕೆ 24ರಷ್ಟು ಇಳಿಕೆಯೆಂದರೆ ಇಬ್ಬರು ಅಥವಾ ಮೂವರು ಪಾರಾಗುತ್ತಾರೆ. ಆದರೆ ಮಾತ್ರೆಯನ್ನು ನುಂಗುವವರು ಸಾವಿರ ಮಂದಿ; ರಕ್ತಸ್ರಾವದ ಅಪಾಯವು ಆ ಸಾವಿರ ಮಂದಿಯ ಮೇಲೂ ಇರುತ್ತದೆ. ಅದೇ ವಂಶದೋಷವುಳ್ಳವರಲ್ಲಿ ನೂರಕ್ಕೆ ನಾಲ್ವರು ಪಾರಾಗುವುದಾದರೆ ತಕ್ಕಡಿ ಬೇರೆ ಕಡೆಗೆ ವಾಲುತ್ತದೆ. ಭಾರತದಲ್ಲಿ ಕರುಳಿನ ಅರ್ಬುದದ ಪ್ರಮಾಣವು ಪಾಶ್ಚಾತ್ಯ ದೇಶಗಳಿಗಿಂತ ಹಲವು ಪಟ್ಟು ಕಡಿಮೆ. ಹಾಗೆಂದು ಅಲಕ್ಷಿಸುವಂತಿಲ್ಲ; 2022ರ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 70,000 ಮಂದಿಗೆ ಇದು ಹೊಸದಾಗಿ ತಗಲುತ್ತಿದೆ. ಆದರೂ ಅಮೆರಿಕದ ಲಾಭನಷ್ಟದ ಲೆಕ್ಕವನ್ನು ಹಾಗೆಯೇ ತಂದು ಇಲ್ಲಿ ಅನ್ವಯಿಸಲಾಗದು.

ಗೋಪಿನಾಥಂನಂತಹ ಊರಿನಲ್ಲಿ ಈ ಲೆಕ್ಕಕ್ಕೆ ಮತ್ತೊಂದು ಅಂಶ ಸೇರುತ್ತದೆ: ದೂರ. ಆಸ್ಪಿರಿನ್ನಿನಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾದವನಿಗೆ ಬೇಗನೆ ರಕ್ತ ಕೊಡಬೇಕು, ಎಂಡೊಸ್ಕೋಪ್ ಇಳಿಸಿ ಒಸರುವ ಜಾಗವನ್ನು ಮುಚ್ಚಬೇಕು. ಬೆಂಗಳೂರಿನ ನಿವಾಸಿಗೆ ಅಂತಹ ಆಸ್ಪತ್ರೆಯು ನೆರೆಯ ಬಡಾವಣೆಯಲ್ಲಿಯೇ ಇರಬಹುದು. ಗೋಪಿನಾಥಂನವನು ಕೊಳ್ಳೇಗಾಲದ ಕಡೆಗೆ ಹೊರಟರೂ ಮೇಟೂರಿನ ಕಡೆಗೆ ಹೊರಟರೂ ಮೊದಲು ಆನೆಗಳು ಓಡಾಡುವ ಕಾಡನ್ನು ದಾಟಬೇಕು. ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದುದು ಜಿಲ್ಲೆಗೆ ದೊಡ್ಡ ಆಸರೆ. ಆದರೆ ಅಲ್ಲಿಗೂ ಬೆಟ್ಟ ಹತ್ತಿಳಿದೇ ಹೋಗಬೇಕು. ಒಂದೇ ಮಾತ್ರೆ, ಒಂದೇ ದೋಷ. ಆದರೆ ನಗರದಲ್ಲಿ ವಾಸಿಯಾಗುವ ತೊಂದರೆ ಇಲ್ಲಿ ಪ್ರಾಣಾಂತಿಕವಾಗಬಲ್ಲುದು. ಔಷಧದ ಗುಣದೋಷಗಳನ್ನು ಅಳೆಯುವಾಗ ರೋಗಿಯ ವಯಸ್ಸು, ದೇಹಸ್ಥಿತಿಗಳಂತೆ ಅವನಿಗೂ ಆಸ್ಪತ್ರೆಗೂ ನಡುವಣ ದಾರಿಯನ್ನೂ ಎಣಿಸಬೇಕು. ಅಂಗಡಿಯ ಮಾತ್ರೆಯನ್ನು ಕ್ಯಾನ್ಸರಿನ ರಕ್ಷೆಯೆಂದು ನಂಬಿ ನಿತ್ಯವೂ ನುಂಗುವುದು ಇಲ್ಲಿ ಸಲ್ಲದು ಎಂಬುದಕ್ಕೆ ಇದೇ ಮುಖ್ಯ ಕಾರಣ. ಜ್ವರದಲ್ಲಂತೂ ಎಚ್ಚರ ಇಮ್ಮಡಿ ಬೇಕು. ಡೆಂಗೆ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು.

ಹಾಗಾದರೆ ಈ ಶೋಧದಿಂದ ಯಾರಿಗೆ ಲಾಭ? ಮೊದಲನೆಯದಾಗಿ, ತಂದೆತಾಯಿ, ಒಡಹುಟ್ಟಿದವರಲ್ಲಿ ಐವತ್ತರೊಳಗೆ ಕರುಳಿನ ಅಥವಾ ಗರ್ಭಕೋಶದ ಅರ್ಬುದವಾಗಿದ್ದವರು, ಒಂದೇ ಮನೆತನದ ಹಲವರಲ್ಲಿ ಈ ರೋಗ ಕಂಡವರು ತಜ್ಞವೈದ್ಯರನ್ನು ಕಂಡು ವಂಶದ ವೃತ್ತಾಂತವನ್ನು ಹೇಳಬೇಕು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ಇದಕ್ಕೆ ನಾಡಿನ ಹಿರಿಯ ಕೇಂದ್ರ. ಆಸ್ಪಿರಿನ್ ಬೇಕೆ, ಎಷ್ಟು ಬೇಕು ಎಂಬುದನ್ನು ಅಂತಹವರು ವೈದ್ಯರೊಡನೆಯೇ ನಿರ್ಧರಿಸಬೇಕು. ಎರಡನೆಯದಾಗಿ, ಹೃದಯಾಘಾತವಾದ ಮೇಲೆ ವೈದ್ಯರ ಅಪ್ಪಣೆಯಂತೆ ಸಣ್ಣ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಈ ಲೇಖನವನ್ನು ಓದಿ ಅದನ್ನು ನಿಲ್ಲಿಸಬಾರದು. ಅವರಿಗೆ ಅದು ಜೀವರಕ್ಷಕ. ಅದರ ಜೊತೆಗೆ ಬೇರೆ ನೋವಿನ ಮಾತ್ರೆಯನ್ನು ಕೇಳದೆ ಸೇರಿಸಬಾರದು. ಉಳಿದವರು ಅರ್ಬುದದ ಭಯವೊಂದಕ್ಕಾಗಿಯೇ ಮಾತ್ರೆಯನ್ನು ಆರಂಭಿಸುವ ಅಗತ್ಯವಿಲ್ಲ.

ಎಲ್ಲರಿಗೂ ಅನ್ವಯಿಸುವ ಮಾತೊಂದಿದೆ. ಮಲದಲ್ಲಿ ರಕ್ತ ಕಂಡಾಗ ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ‘ಮೂಲವ್ಯಾಧಿ’ಯೆಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಬಹಳ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಯಾವಾಗಲೂ ಅಲ್ಲ. ರಕ್ತ, ವಾರಗಟ್ಟಲೆ ಬದಲಾದ ಮಲಪ್ರವೃತ್ತಿ, ಕಾರಣ ತಿಳಿಯದ ರಕ್ತಹೀನತೆ, ತೂಕದ ಇಳಿತ ಇವುಗಳಲ್ಲಿ ಒಂದಿದ್ದರೂ ಪರೀಕ್ಷೆಯಾಗಬೇಕು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹಿಡಿಯುವ ಸರಳ ಪರೀಕ್ಷೆಯುಂಟು. ಕೊಲೊನೋಸ್ಕೋಪಿಯಲ್ಲಿ ಪಾಲಿಪ್ ಕಂಡರೆ ಅಲ್ಲಿಯೇ ಕಿತ್ತುಹಾಕಬಹುದು. ಮಾತ್ರೆಯು ಅರ್ಬುದವಾಗುವ ಸಂಭವವನ್ನು ಕುಗ್ಗಿಸುತ್ತದೆ. ಪಾಲಿಪ್ಪನ್ನು ಕಿತ್ತರೆ ಅದು ಅರ್ಬುದವಾಗುವ ಮಾತೇ ಇಲ್ಲ.

ಊರೂರುಗಳಲ್ಲಿ ಉಚಿತ ಆರೋಗ್ಯ ಶಿಬಿರಗಳನ್ನು ನಡೆಸುವ ಉದಾರಿಗಳು ಈ ನಾಡಿನಲ್ಲಿ ಅನೇಕರಿದ್ದಾರೆ. ಅಲ್ಲಿ ಕೈತುಂಬ ನೋವಿನ ಮಾತ್ರೆ ಹಂಚುವ ಬದಲು, ಮಲದಲ್ಲಿ ರಕ್ತ ಹೋಗುತ್ತದೆಯೇ, ಮನೆತನದಲ್ಲಿ ಯಾರಿಗಾದರೂ ಈ ರೋಗವಿತ್ತೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಸಿ, ಹೌದೆಂದವರನ್ನು ಕೊಲೊನೋಸ್ಕೋಪಿ ಇರುವ ಆಸ್ಪತ್ರೆಗೆ ಕಳುಹಿಸುವ ಗಾಡಿಯ ಖರ್ಚನ್ನು ವಹಿಸಿದರೆ ಆ ದಾನವು ಹೆಚ್ಚು ಸಾರ್ಥಕವಾದೀತು. ಅಧ್ಯಾಪಕರು ಮೇಲಿನ ತರಗತಿಗಳಲ್ಲಿ ವಂಶಾನುಗತ ಗುಣಗಳ ಪಾಠ ಹೇಳುವಾಗ, ವಿದ್ಯಾರ್ಥಿಗಳಿಂದ ಮೂರು ತಲೆಮಾರಿನ ವಂಶಾವಳಿಯನ್ನು ಬರೆಯಿಸಿ, ಅದನ್ನು ಮನೆಯಲ್ಲಿ ಹಿರಿಯರ ಬಳಿ ಕಾಪಾಡಿ ಇಡುವಂತೆ ಹೇಳಬಹುದು. ಯಾರು ಯಾವ ವಯಸ್ಸಿನಲ್ಲಿ ಯಾವ ರೋಗದಿಂದ ತೀರಿಕೊಂಡರು ಎಂಬ ಒಂದು ಹಾಳೆಯು, ಮುಂದೊಂದು ದಿನ ವೈದ್ಯನ ಮುಂದೆ ಕುಳಿತ ಮಗನಿಗೋ ಮಗಳಿಗೋ ಯಾವ ಮಾತ್ರೆಗಿಂತಲೂ ಹೆಚ್ಚಿನ ರಕ್ಷೆಯಾಗಬಹುದು.